ಪಿಸ್ತೂಲಿಗೆ ಸೇಫ್ಟಿ ಕೀಲಿ ಬೇಕೆ? – ಒಂದು ವಿಮರ್ಶೆ

ಪದವಿಪೂರ್ವ ತರಗತಿಯ ಭೌತವಿಜ್ಞಾನ ಪುಸ್ತಕಗಳಲ್ಲಿ ಬಂದೂಕು ಒಬ್ಬ ಖಾಯಂ ಅತಿಥಿ. ಸಂವೇಗ ಸಂರಕ್ಷಣೆಯ ಪಾಠ ಬಂತೆಂದರೆ, ಬಂದೂಕಿನ ದ್ರವ್ಯರಾಶಿ ಇಷ್ಟು, ಗುಂಡಿನ ದ್ರವ್ಯರಾಶಿ ಇಷ್ಟು, ಗುಂಡಿನ ವೇಗ ಇಷ್ಟು, ಬಂದೂಕು ಹಿಮ್ಮೆಟ್ಟುವ ವೇಗ ಕಂಡುಹಿಡಿಯಿರಿ ಎಂಬ ಲೆಕ್ಕ ಬಂದೇ ಬರುತ್ತದೆ. ಇದು ಗುಂಡು ಹಾರಿದ ಮೇಲಿನ ಭೌತವಿಜ್ಞಾನ. ಗುಂಡು ಹಾರದಂತೆ ಹಿಡಿದಿಟ್ಟಿರುವುದು ಯಾವುದು ಎಂದು ಪುಸ್ತಕ ಕೇಳುವುದಿಲ್ಲ. ಕೇಳುವವರು ವಿದ್ಯಾರ್ಥಿಗಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆ ವಿಜ್ಞಾನ ಕಾರ್ಯಕ್ರಮ ಮುಗಿದು ಚಹಾ ಕುಡಿಯುವಾಗ, ಒಬ್ಬನಾದರೂ ಹತ್ತಿರ ಬಂದು "ಸರ್, ಸೇಫ್ಟಿ ಇದ್ದ ಪಿಸ್ತೂಲ್ ಚಲೊ ಏನ್ರಿ, ಇಲ್ಲದ್ದು ಚಲೊ?" ಎಂದು ಕೇಳುತ್ತಾನೆ.

ಈ ಪ್ರಶ್ನೆಗೆ ಮುಖ ಗಂಟಿಕ್ಕುವ ಶಿಕ್ಷಕರಿದ್ದಾರೆ. ಅವರ ಸಂಕೋಚಕ್ಕೆ ಕಾರಣವಿದೆ. ಭೀಮಾ ನದಿ ಹರಿಯುವ ಇಂಡಿ, ಸಿಂದಗಿಗಳನ್ನು ಹೊರಗಿನವರು ಗುರುತಿಸುವುದು ಲಿಂಬೆಯಿಂದಲೂ ಅಲ್ಲ, ಬಿಳಿಜೋಳದಿಂದಲೂ ಅಲ್ಲ. 2012ರಲ್ಲಿ ಬಂದ 'ಭೀಮಾ ತೀರದಲ್ಲಿ'ಯಂತಹ ಚಲನಚಿತ್ರಗಳಿಂದ ಮತ್ತು ಆಗಾಗ ಪತ್ರಿಕೆಗಳಲ್ಲಿ ಬರುವ ನಾಡ ಪಿಸ್ತೂಲು ವಶದ ಸುದ್ದಿಗಳಿಂದ. ಸಿಂದಗಿ ತಾಲ್ಲೂಕಿನ ಯರಗಲ್ಲಿನವರಾದ ಸಂಶೋಧಕ ಎಂ.ಎಂ. ಕಲಬುರ್ಗಿಯವರು 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿ ಇಂಥದೇ ಒಂದು 7.65 ಮಿಲಿಮೀಟರಿನ ನಾಡ ಪಿಸ್ತೂಲಿಗೆ ಬಲಿಯಾದರು. ಬೇಕೆಂದೇ ಕೊಲ್ಲುವವನ ಮುಂದೆ ಯಾವ ಸೇಫ್ಟಿಯೂ ನಿಲ್ಲುವುದಿಲ್ಲ. ಈ ಲೇಖನ ಆ ವಿಷಯದ ಮೇಲಲ್ಲ. ಪರವಾನಗಿ ಪಡೆದು ಆಯುಧ ಇಟ್ಟುಕೊಂಡಿರುವ ಜಮೀನುದಾರರು, ವ್ಯಾಪಾರಿಗಳು, ಗುತ್ತಿಗೆದಾರರು ಈ ತಾಲ್ಲೂಕುಗಳಲ್ಲಿ ಇದ್ದಾರೆ. ಅವರ ಮನೆಗಳಲ್ಲಿ ಮಕ್ಕಳಿದ್ದಾರೆ. ಆ ಮಕ್ಕಳಲ್ಲಿ ಕೆಲವರು ನಮ್ಮ ತರಗತಿಯಲ್ಲೇ ಕುಳಿತಿರುತ್ತಾರೆ. ಯಾರೂ ಬಯಸದೆ ಹಾರುವ ಗುಂಡು ಅವರ ಮನೆಯದೇ ಪ್ರಶ್ನೆ. ಇದಕ್ಕೆ ಉತ್ತರ ಕೊಡುವುದು ಭೌತವಿಜ್ಞಾನ ಕಲಿಸುವವರಿಗೆ ಒಗ್ಗದ ಕೆಲಸವೇನಲ್ಲ.

ಸೇಫ್ಟಿ ಕೀಲಿ ಎಂದರೆ ಪಿಸ್ತೂಲಿನ ಪಕ್ಕದಲ್ಲಿ ಹೆಬ್ಬೆರಳಿಗೆ ಸಿಗುವಂತೆ ಇಟ್ಟಿರುವ ಸಣ್ಣ ಸನ್ನೆ. ಒಂದು ಕಡೆ ಸರಿಸಿದರೆ ಗುಂಡು ಹಾರದು, ಇನ್ನೊಂದು ಕಡೆ ಸರಿಸಿದರೆ ಹಾರುತ್ತದೆ. ಇದರ ಬಗ್ಗೆ ಜಗತ್ತಿನಾದ್ಯಂತ ಎರಡು ಪಕ್ಷಗಳಿವೆ. ಒಂದು ಪಕ್ಷದವರು, ಸೇಫ್ಟಿ ಇಲ್ಲದ ಪಿಸ್ತೂಲನ್ನು ಮೈಮೇಲೆ ಧರಿಸುವುದು ಹುಚ್ಚುತನ ಎನ್ನುತ್ತಾರೆ. ಇನ್ನೊಂದು ಪಕ್ಷದವರು, ಜೀವಕ್ಕೆ ಬಂದ ಗಳಿಗೆಯಲ್ಲಿ ಸನ್ನೆ ಸರಿಸಲು ಮರೆತರೆ ಕೈಯಲ್ಲಿರುವುದು ಬರೀ ಕಬ್ಬಿಣದ ತುಂಡು ಎನ್ನುತ್ತಾರೆ. ನನ್ನ ತಕರಾರು ಇಬ್ಬರ ಮೇಲೂ ಇದೆ. 'ಸೇಫ್ಟಿ' ಎಂಬ ಒಂದೇ ಮಾತಿನ ಅಡಿಯಲ್ಲಿ ಮೂರು ನಾಲ್ಕು ಬೇರೆ ಬೇರೆ ಅಪಘಾತಗಳನ್ನು ಇಬ್ಬರೂ ಒಟ್ಟಿಗೆ ತುರುಕುತ್ತಾರೆ. ಪಿಸ್ತೂಲು ಕೆಳಗೆ ಬಿದ್ದು ಹಾರುವುದು ಬೇರೆ. ಬೆರಳೋ ಬಟ್ಟೆಯೋ ಟ್ರಿಗರಿಗೆ ತಗುಲಿ ಹಾರುವುದು ಬೇರೆ. ಖಾಲಿ ಇದೆ ಎಂದುಕೊಂಡು ಟ್ರಿಗರ್ ಎಳೆಯುವುದು ಮತ್ತೂ ಬೇರೆ. ಒಂದೊಂದಕ್ಕೂ ಕಾರಣ ಬೇರೆ, ತಡೆಯೂ ಬೇರೆ.

ಹೊಲದ ಪಂಪ್‌ಸೆಟ್ಟನ್ನು ನೆನಪಿಸಿಕೊಳ್ಳಿ. ಅದಕ್ಕೆ ಎರಡು ಬಗೆಯ ರಕ್ಷಣೆ ಇದೆ. ಮೇನ್ ಸ್ವಿಚ್ ಒಂದು. ಅದನ್ನು ನೀವೇ ತೆಗೆಯಬೇಕು, ನೀವೇ ಹಾಕಬೇಕು. ಸ್ಟಾರ್ಟರ್ ಪೆಟ್ಟಿಗೆಯೊಳಗಿನ ಓವರ್‌ಲೋಡ್ ರಿಲೇ ಇನ್ನೊಂದು; ಮೋಟಾರು ಮಿತಿ ಮೀರಿ ವಿದ್ಯುತ್ ಎಳೆದರೆ ಅದು ತಾನಾಗಿ ಸಂಪರ್ಕ ಕಡಿಯುತ್ತದೆ. ಮೊದಲನೆಯದು ನಿಮ್ಮ ನೆನಪನ್ನು ನಂಬಿದೆ, ಎರಡನೆಯದು ನಂಬಿಲ್ಲ. ಪಿಸ್ತೂಲಿನ ಸೇಫ್ಟಿ ಕೀಲಿ ಮೇನ್ ಸ್ವಿಚ್ಚಿನ ಜಾತಿಗೆ ಸೇರಿದ್ದು. ರಿಲೇ ಜಾತಿಗೆ ಸೇರಿದ ತಡೆಗಳು ಹೊರಗೆ ಕಾಣುವುದಿಲ್ಲ. ಅದಕ್ಕೇ ಕೊಳ್ಳುವವರು ಅವುಗಳ ಬಗ್ಗೆ ಕೇಳುವುದೂ ಇಲ್ಲ.

ಮೊದಲು ಬೀಳುವ ಪಿಸ್ತೂಲನ್ನೇ ನೋಡೋಣ, ಏಕೆಂದರೆ ಇಲ್ಲಿನ ಭೌತವಿಜ್ಞಾನ ಬಹಳ ಸೊಗಸಾಗಿದೆ. ತೋಟಾದ ಹಿಂಬದಿಯ ನಡುವೆ ಪ್ರೈಮರ್ ಎಂಬ ಪುಟ್ಟ ಲೋಹದ ಬಟ್ಟಲಿದೆ. ಅದಕ್ಕೆ ಫೈರಿಂಗ್ ಪಿನ್ ಎಂಬ ಉಕ್ಕಿನ ಕಡ್ಡಿ ಬಡಿದರೆ ಒಳಗಿನ ಸಂಯುಕ್ತ ಸಿಡಿದು ಮದ್ದಿಗೆ ಕಿಡಿ ಹತ್ತುತ್ತದೆ. ಇದಕ್ಕೆ ಬೇಕಾದ ಶಕ್ತಿ ಒಂದು ಜೌಲಿನ ಹತ್ತನೆಯ ಒಂದು ಭಾಗದ ಆಸುಪಾಸು. ಹೊರಬರುವ .32 ಗುಂಡಿನ ಚಲನಶಕ್ತಿಯಾದರೋ ಸುಮಾರು 180 ಜೌಲ್ (4.6 ಗ್ರಾಂ ಗುಂಡು ಸೆಕೆಂಡಿಗೆ 280 ಮೀಟರ್ ವೇಗದಲ್ಲಿ ಹೋಗುತ್ತದೆ ಎಂದಿಟ್ಟುಕೊಂಡು ನೀವೇ ಲೆಕ್ಕ ಹಾಕಿ). ಇಷ್ಟು ಸಣ್ಣ ಶಕ್ತಿ ಅಷ್ಟು ದೊಡ್ಡ ಶಕ್ತಿಯ ಬಾಗಿಲು ತೆರೆಯುತ್ತದೆ ಎಂಬುದೇ ಅಪಾಯದ ಮೂಲ.

ಈಗ ಪಿಸ್ತೂಲು ನಳಿಗೆ ಕೆಳಮುಖವಾಗಿ ನೆಲಕ್ಕೆ ಬಿತ್ತೆನ್ನಿ. ಚೌಕಟ್ಟು ತಟ್ಟನೆ ನಿಲ್ಲುತ್ತದೆ. ಒಳಗಿನ ಪಿನ್ ಸ್ವತಂತ್ರವಾಗಿದ್ದರೆ ಅದು ನಿಲ್ಲುವುದಿಲ್ಲ. ಬಸ್ಸು ಬ್ರೇಕ್ ಹಾಕಿದಾಗ ನಿಂತ ಪ್ರಯಾಣಿಕರು ಮುಂದಕ್ಕೆ ಮುಗ್ಗರಿಸುವಂತೆ ಪಿನ್ನು ಪ್ರೈಮರಿನತ್ತ ಧಾವಿಸುತ್ತದೆ. ಅದರ ಶಕ್ತಿ ಎಷ್ಟು? ಅದು ಬಿದ್ದ ಎತ್ತರದಿಂದ ಪಡೆದದ್ದು, ಅಂದರೆ mgh. ಪಿನ್ನಿನ ದ್ರವ್ಯರಾಶಿ 4 ಗ್ರಾಂ, ಸೊಂಟದ ಎತ್ತರ 1.2 ಮೀಟರ್ ಎಂದರೆ 0.047 ಜೌಲ್. ಪಿನ್ನನ್ನು ಹಿಂದಕ್ಕೆ ತಳ್ಳುವ ಸ್ಪ್ರಿಂಗ್ ಇದರಲ್ಲಿ ಒಂದು ಪಾಲನ್ನು ನುಂಗುತ್ತದೆ. ಸಾಮಾನ್ಯವಾಗಿ ಬಚಾವು. ನಮ್ಮ ಕಡೆಯ ಮಾಳಿಗೆ ಮನೆಯ ಮೇಲಿಂದ ಅಂಗಳದ ಕಲ್ಲುಹಾಸಿಗೆ ಬಿದ್ದರೆ? 3 ಮೀಟರ್ ಎತ್ತರಕ್ಕೆ 0.118 ಜೌಲ್. ಇಲ್ಲಿ ಯಾವ ಭರವಸೆಯೂ ಇಲ್ಲ. ಸ್ಪ್ರಿಂಗ್ ಹಳೆಯದಾಗಿ ಸಡಿಲವಾಗಿದ್ದರೆ ಸೊಂಟದ ಎತ್ತರಕ್ಕೂ ಭರವಸೆ ಇಲ್ಲ.

ಈ ಲೆಕ್ಕದಲ್ಲಿ ಸೇಫ್ಟಿ ಕೀಲಿ ಎಲ್ಲಿ ಬಂತು? ಬರಲೇ ಇಲ್ಲ. ಸೇಫ್ಟಿಗೆ ಮಾದರಿ ಎಂದು ಎಲ್ಲರೂ ಎತ್ತಿ ತೋರಿಸುವ, 1911ರಲ್ಲಿ ಅಮೆರಿಕದ ಸೈನ್ಯ ಸ್ವೀಕರಿಸಿದ ಕೋಲ್ಟ್ ಪಿಸ್ತೂಲಿನಲ್ಲಿ ಹೆಬ್ಬೆರಳಿನ ಕೀಲಿಯೂ ಇದೆ, ಹಿಡಿಯ ಹಿಂಬದಿಯಲ್ಲಿ ಅಂಗೈ ಒತ್ತುವ ಇನ್ನೊಂದು ತಡೆಯೂ ಇದೆ. ಆದರೆ ಮೂಲ ವಿನ್ಯಾಸದಲ್ಲಿ ಎರಡೂ ಪಿನ್ನನ್ನು ಮುಟ್ಟುವುದಿಲ್ಲ. ಕೀಲಿ ಹಿಡಿಯುವುದು ಹ್ಯಾಮರನ್ನು ತಡೆದಿಟ್ಟ ಸಿಯರ್ ಎಂಬ ಕೊಕ್ಕೆಯನ್ನು ಮತ್ತು ಮೇಲಿನ ಸ್ಲೈಡನ್ನು. ಪಿನ್ನಿಗೆ ಅಡ್ಡಗಟ್ಟೆ ಹಾಕಿದ ಮಾದರಿಯನ್ನು ಕೋಲ್ಟ್ ಕಂಪನಿ ವ್ಯಾಪಕವಾಗಿ ತಂದದ್ದು 1983ರಲ್ಲಿ. ಬೇರೆ ಕೆಲವು ತಯಾರಕರು ಅಡ್ಡಗಟ್ಟೆಯ ಬದಲು ಟೈಟೇನಿಯಂ ಪಿನ್ನು ಹಾಕಿ ಸ್ಪ್ರಿಂಗನ್ನು ಬಿಗಿ ಮಾಡಿದರು. mgh ಸೂತ್ರದಲ್ಲಿ m ಕಡಿಮೆ ಮಾಡುವ ಉಪಾಯ ಅದು. ನಮ್ಮ ಪೊಲೀಸರೂ ಸೈನ್ಯವೂ ದಶಕಗಳಿಂದ ಬಳಸುತ್ತಿರುವ ಇಶಾಪುರ ಕಾರ್ಖಾನೆಯ 9 ಮಿಲಿಮೀಟರ್ ಪಿಸ್ತೂಲಿನ ಮೂಲ 1935ರ ಬ್ರೌನಿಂಗ್ ವಿನ್ಯಾಸ. ಅದರಲ್ಲೂ ಹೆಬ್ಬೆರಳಿನ ಕೀಲಿ ಇತ್ತು; ಬೆಲ್ಜಿಯಂನ ತಯಾರಕರು ಪಿನ್ನಿಗೆ ಅಡ್ಡಗಟ್ಟೆ ಸೇರಿಸಿದ್ದು ಐವತ್ತು ವರ್ಷ ಕಳೆದ ಮೇಲೆ.

ಜಡತ್ವಕ್ಕೆ ಪಿನ್ನು ಮಾತ್ರವಲ್ಲ, ಟ್ರಿಗರೂ ಒಳಪಟ್ಟಿದೆ. 2017ರಲ್ಲಿ ಸಿಗ್ ಸಾವರ್ ಕಂಪನಿಯ ಪಿ320 ಪಿಸ್ತೂಲು ಹಿಂಬದಿಯ ಮೂಲೆ ನೆಲಕ್ಕೆ ಬಡಿಯುವಂತೆ ಬಿದ್ದಾಗ ಗುಂಡು ಹಾರುತ್ತದೆ ಎಂಬುದು ಬಯಲಾಯಿತು. ಬೀಳುವಾಗ ಹಿಡಿ ನಿಂತರೂ ಟ್ರಿಗರ್ ತನ್ನ ಸ್ವಂತ ತೂಕದಿಂದ ಹಿಂದಕ್ಕೆ ಸಾಗುತ್ತಿತ್ತು. ಯಾವ ಬೆರಳೂ ಇಲ್ಲದೆ ಟ್ರಿಗರ್ ಎಳೆದಂತಾಗುತ್ತಿತ್ತು. ಅದೇ ವರ್ಷದ ಆಗಸ್ಟಿನಲ್ಲಿ ಕಂಪನಿ ಟ್ರಿಗರ್ ಮತ್ತು ಸಂಬಂಧಪಟ್ಟ ಭಾಗಗಳನ್ನು ಹಗುರಗೊಳಿಸಿ ಬದಲಾಯಿಸಿಕೊಡಲು ಮುಂದೆ ಬಂತು. ಇದರ ಸೈನಿಕ ಮಾದರಿಗೆ ಅಮೆರಿಕದ ಸೈನ್ಯ ಹೆಬ್ಬೆರಳಿನ ಕೀಲಿ ಬೇಕೆಂದು ಕೇಳಿ ಹಾಕಿಸಿಕೊಂಡಿತ್ತು. ಆದರೂ ಸೈನ್ಯದ ಬೀಳುವ ಪರೀಕ್ಷೆಯಲ್ಲಿ ಪ್ರೈಮರ್ ಸಿಡಿಯಿತು; ಅಲ್ಲಿಯೂ ಪರಿಹಾರವಾಗಿ ಬಂದದ್ದು ಹಗುರ ಭಾಗಗಳೇ. ಕೀಲಿ ಇದೆ ಎಂಬ ಕಾರಣಕ್ಕೆ ಪರೀಕ್ಷೆ ಬೇಡ ಎಂದು ಯಾರೂ ಹೇಳಲಿಲ್ಲ ಎಂಬುದನ್ನು ಗಮನಿಸಿ.

ರಿವಾಲ್ವರಿನ ಕಥೆ ಬೇರೆ. ನಮ್ಮಲ್ಲಿ ಪರವಾನಗಿದಾರರ ಕೈಯಲ್ಲಿ ಹೆಚ್ಚಾಗಿ ಕಾಣುವುದು ಕಾನ್ಪುರದ .32 ರಿವಾಲ್ವರ್, ಇಂಗ್ಲೆಂಡಿನ ವೆಬ್ಲಿ ವಂಶದ್ದು. ಬಹುತೇಕ ರಿವಾಲ್ವರುಗಳಿಗೆ ಹೆಬ್ಬೆರಳಿನ ಕೀಲಿ ಇರುವುದಿಲ್ಲ. (ಸಿಂಗಪುರದ ಪೊಲೀಸರಿಗಾಗಿ ವೆಬ್ಲಿ ಕಂಪನಿ ಕೀಲಿ ಇರುವ ರಿವಾಲ್ವರ್ ಮಾಡಿಕೊಟ್ಟಿತ್ತು, ಅದು ಅಪರೂಪದ ಪ್ರಸಂಗ.) ಕೀಲಿ ಏಕೆ ಬೇಡವಾಯಿತು? ಹ್ಯಾಮರನ್ನು, ನಮ್ಮ ಹಳೆಯ ಬಂದೂಕಿನವರ ಮಾತಿನಲ್ಲಿ 'ಕುದುರೆ'ಯನ್ನು, ಮೊದಲೇ ಏರಿಸದೆ ಟ್ರಿಗರ್ ಎಳೆಯಬೇಕಾದರೆ ಸುಮಾರು 50 ನ್ಯೂಟನ್ ಬಲ ಬೇಕು. 5 ಕಿಲೋ ಜೋಳದ ಚೀಲವನ್ನು ಒಂದೇ ಬೆರಳಿನಲ್ಲಿ ಎತ್ತಿದಂತೆ. ಬೆರಳು ಒಂದೂವರೆ ಸೆಂಟಿಮೀಟರಿನಷ್ಟು ದೂರವೂ ಸಾಗಬೇಕು. ಮಾಡಬೇಕಾದ ಕಾರ್ಯ ಅರ್ಧ ಜೌಲಿಗೂ ಹೆಚ್ಚು. ಕುದುರೆ ಏರಿಸಿಟ್ಟ ಕೋಲ್ಟಿನಲ್ಲಾದರೆ ಬಲ ಸುಮಾರು 20 ನ್ಯೂಟನ್, ದೂರ ಕೆಲವೇ ಮಿಲಿಮೀಟರ್. ಕಾರ್ಯ ಇದರ ಹತ್ತನೆಯ ಒಂದು ಪಾಲು. ಅಂದರೆ ರಿವಾಲ್ವರಿನ ಟ್ರಿಗರೇ ಅದರ ಸೇಫ್ಟಿ. ಆದರೆ ಬೀಳುವ ಅಪಾಯಕ್ಕೆ ಅಲ್ಲೂ ಬೇರೆ ತಡೆ ಬೇಕು, ಏಕೆಂದರೆ ಇಳಿದ ಕುದುರೆ ತೋಟಾದ ಬೆನ್ನಿನ ಮೇಲೆಯೇ ಕುಳಿತಿರುತ್ತದೆ. ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ ಹಡಗಿನ ಕಟ್ಟೆಯ ಮೇಲೆ ಬಿದ್ದ ಸ್ಮಿತ್ ಅಂಡ್ ವೆಸನ್ ರಿವಾಲ್ವರ್ ಹಾರಿ ಅಮೆರಿಕದ ನಾವಿಕನೊಬ್ಬ ಸತ್ತ. ಆ ಬಳಿಕವೇ ಕಂಪನಿ ಹ್ಯಾಮರಿನ ಅಡ್ಡಗಟ್ಟೆಯನ್ನು ಹೊಸದಾಗಿ ರೂಪಿಸಿತು. 2024ರ ಅಕ್ಟೋಬರ್ 1ರ ನಸುಕಿನಲ್ಲಿ ಮುಂಬಯಿಯಲ್ಲಿ ಹಿಂದಿ ಚಿತ್ರನಟ ಗೋವಿಂದ ಅವರ ಕಾಲಿಗೆ ಅವರದೇ ಪರವಾನಗಿಯ ರಿವಾಲ್ವರಿನ ಗುಂಡು ಹೊಕ್ಕಾಗ, ಅದು ಕೈಜಾರಿ ಬಿದ್ದು ಹಾರಿತೆಂಬ ವಿವರಣೆ ಬಂತು. ಅನೇಕರು ಮೂಗು ಮುರಿದರು, ಬಿದ್ದ ರಿವಾಲ್ವರ್ ಎಲ್ಲಾದರೂ ಹಾರುತ್ತದೆಯೇ ಎಂದು. ಒಳತಡೆ ಇಲ್ಲದ ಅಥವಾ ಸವೆದ ರಿವಾಲ್ವರಿನಲ್ಲಿ ಖಂಡಿತ ಸಾಧ್ಯ.

ಇನ್ನು ಬೆರಳಿನ ಮಾತು. 1982ರಲ್ಲಿ ಆಸ್ಟ್ರಿಯಾದ ಸೈನ್ಯ ಗ್ಲಾಕ್ ಪಿಸ್ತೂಲನ್ನು ಆರಿಸಿಕೊಂಡಾಗ ಹೆಬ್ಬೆರಳಿನ ಕೀಲಿಯ ವಿರುದ್ಧದ ವಾದಕ್ಕೆ ಬಲ ಬಂತು. ಗ್ಲಾಕ್‌ನಲ್ಲಿ ಪಿನ್ನಿಗೆ ಅಡ್ಡಗಟ್ಟೆ ಇದೆ, ಬೀಳುವುದಕ್ಕೆ ತಡೆ ಇದೆ, ಟ್ರಿಗರಿನ ಮುಖದ ಮೇಲೆ ಇನ್ನೊಂದು ಪುಟ್ಟ ನಾಲಗೆ ಇದೆ. ಮೂರೂ ತಾವಾಗಿ ಕೆಲಸ ಮಾಡುತ್ತವೆ. ಟ್ರಿಗರ್ ಎಳೆದಾಗ ಮಾತ್ರ ಮೂರೂ ಬಿಟ್ಟುಕೊಡುತ್ತವೆ. ಬೀಳುವ ಅಪಾಯಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಕಷ್ಟ. ಆದರೆ ಟ್ರಿಗರನ್ನು ಎಳೆದದ್ದು ಬೆರಳೋ, ಅಂಗಿಯ ಚುಂಗೋ, ಜೇಬಿನಲ್ಲಿದ್ದ ಕೀಲಿಕೈ ಗೊಂಚಲೋ ಎಂಬುದು ಅದಕ್ಕೆ ತಿಳಿಯದು. ಎಳೆತ 25 ನ್ಯೂಟನ್ ಆದರೆ ಸಾಕು. ಆದ್ದರಿಂದ ಇಂಥ ಪಿಸ್ತೂಲಿನ ನಿಜವಾದ ಸೇಫ್ಟಿ ಇರುವುದು ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಒರೆಯಲ್ಲಿ. ಕೀಲಿ ಬೇಡ ಎನ್ನುವ ವಾದ ಹುಟ್ಟಿದ್ದು ಸೊಂಟಕ್ಕೆ ಅಂಥ ಒರೆ ಕಟ್ಟಿದ, ವರ್ಷಕ್ಕೆ ನೂರಾರು ಗುಂಡು ಹಾರಿಸಿ ಅಭ್ಯಾಸ ಮಾಡುವ ಪೊಲೀಸರ ನಡುವೆ. ನಮ್ಮ ಕಡೆ ಪಿಸ್ತೂಲು ಎಲ್ಲಿರುತ್ತದೆ? ನೆಹರೂ ಅಂಗಿಯ ಪಕ್ಕದ ಜೇಬಿನಲ್ಲಿ, ಧೋತರದ ಗಂಟಿನಲ್ಲಿ, ಬಗಲ ಚೀಲದಲ್ಲಿ, ರಾತ್ರಿಯಾದರೆ ದಿಂಬಿನ ಕೆಳಗೆ. ಪರವಾನಗಿಯಲ್ಲಿ ಬರೆದಷ್ಟೇ ತೋಟಾ. ಅದರಲ್ಲೂ ಅಭ್ಯಾಸಕ್ಕೆ ಖರ್ಚು ಮಾಡುವವರು ಎಷ್ಟು ಜನ? ಒಂದು ಪರಿಸ್ಥಿತಿಯಲ್ಲಿ ಸರಿಯಾದ ಉತ್ತರವನ್ನು ಅದರ ಷರತ್ತುಗಳನ್ನು ಬಿಟ್ಟು ಇನ್ನೊಂದು ಪರಿಸ್ಥಿತಿಗೆ ಒಯ್ಯುವುದು ಅವೈಜ್ಞಾನಿಕ. ಸಮೀಕರಣ ಬಿಡಿಸುವಾಗ ಗಡಿ ಷರತ್ತು ಬದಲಾದರೆ ಪರಿಹಾರ ಬದಲಾಗುತ್ತದೆ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇವಲ್ಲ, ಇದೂ ಹಾಗೆಯೇ.

ವೇಗದ ವಾದವನ್ನೂ ಸ್ವಲ್ಪ ತೂಗಿ ನೋಡಿ. ಕೆಳಗಿನ ಸಂಖ್ಯೆಗಳು ಕೇವಲ ಊಹೆ. ನಿಮ್ಮವನ್ನು ಹಾಕಿ ಮತ್ತೆ ಲೆಕ್ಕ ಮಾಡಬಹುದು. ಒಬ್ಬರು ಹತ್ತು ವರ್ಷ, ಅಂದರೆ 3650 ದಿನ ಪಿಸ್ತೂಲು ಒಯ್ಯುತ್ತಾರೆ. ಟ್ರಿಗರಿಗೆ ಏನಾದರೂ ತಗುಲಿ ಗುಂಡು ಹಾರುವ ಸಂಭವ ದಿನಕ್ಕೆ ಹತ್ತು ಸಾವಿರದಲ್ಲಿ ಒಂದು ಎನ್ನೋಣ. ಹತ್ತು ವರ್ಷದಲ್ಲಿ ಒಮ್ಮೆಯಾದರೂ ಹಾರುವ ಸಂಭವ ನೂರಕ್ಕೆ ಸುಮಾರು 31! ದಿನದ ಸಣ್ಣ ಸಂಖ್ಯೆ ಹೀಗೆ ಬೆಳೆಯುತ್ತದೆಂಬುದನ್ನು ಬಹಳ ಜನ ನಂಬುವುದೇ ಇಲ್ಲ. ಕೀಲಿಯಿಂದ ದಿನದ ಅಪಾಯ ಐದನೆಯ ಒಂದಕ್ಕೆ ಇಳಿದರೆ ಇದು ನೂರಕ್ಕೆ 7 ಆಗುತ್ತದೆ. ಇನ್ನೊಂದು ತಟ್ಟೆಯಲ್ಲಿ, ಹತ್ತು ವರ್ಷದಲ್ಲಿ ಆತ್ಮರಕ್ಷಣೆಗೆ ಪಿಸ್ತೂಲು ಎಳೆಯಬೇಕಾಗುವ ಸಂಭವ ಐವತ್ತರಲ್ಲಿ ಒಂದು, ಆಗ ಕೀಲಿ ಸರಿಸಲು ಮರೆಯುವ ಸಂಭವ ಹತ್ತರಲ್ಲಿ ಒಂದು ಎನ್ನಿ. ಗುಣಿಸಿದರೆ ಐನೂರರಲ್ಲಿ ಒಂದು. ಪ್ರತಿದಿನ ಪ್ರಾಣಾಪಾಯ ಎದುರಿಸುವ ಪೊಲೀಸ್ ಅಧಿಕಾರಿಗೆ ಎರಡನೆಯ ತಟ್ಟೆ ಭಾರವಾಗಬಹುದು; ಲಿಂಬೆ ತೋಟದ ಯಜಮಾನರಿಗೆ ಆಗುವುದು ಕಷ್ಟ.

ಹಾಗೆಂದು ಕೀಲಿಯ ಪಕ್ಷದವರನ್ನು ಬಿಟ್ಟುಬಿಡುವಂತಿಲ್ಲ. ಅವರು ಹೇಳದೆ ಬಿಡುವ ಒಂದು ಸಂಗತಿ ಇದೆ. 1911ರ ಕೋಲ್ಟ್ ಮತ್ತು ಬ್ರೌನಿಂಗ್ ಬಗೆಯ ಪಿಸ್ತೂಲುಗಳಲ್ಲಿ ಕೀಲಿ ಹಾಕಿದರೆ ಸ್ಲೈಡೂ ಬಿಗಿಯುತ್ತದೆ. ನಳಿಗೆಯೊಳಗಿನ ತೋಟಾ ತೆಗೆಯಬೇಕಾದರೆ ಮೊದಲು ಕೀಲಿ ತೆಗೆಯಬೇಕು! ಎಂದರೆ ತುಂಬುವ, ಖಾಲಿ ಮಾಡುವ ಹೊತ್ತಿನಲ್ಲಿ, ಕೈ ಅತ್ತಿತ್ತ ಆಡುವ ಆ ಗಳಿಗೆಯಲ್ಲೇ, ಕೀಲಿ ಕೆಲಸದಲ್ಲಿರುವುದಿಲ್ಲ. ಈಚಿನ ಕೆಲವು ವಿನ್ಯಾಸಗಳು ಈ ದೋಷವನ್ನು ತಿದ್ದಿವೆ. ಮಹಾನವಮಿಯ ಖಂಡೇಪೂಜೆಗೆ ಪಿಸ್ತೂಲು ಒರೆಸಿ ಇಡುವಾಗ "ಮ್ಯಾಗಜಿನ್ ತಗದೀನಿ, ಖಾಲಿ ಐತಿ" ಎನ್ನುವ ಮಾತು ಕೇಳಿದ್ದೇನೆ. ಮ್ಯಾಗಜಿನ್ ತೆಗೆದರೂ ನಳಿಗೆಯಲ್ಲಿ ಒಂದು ತೋಟಾ ಉಳಿದಿರಬಹುದು. ಇದನ್ನು ಯೋಚಿಸಿಯೇ ಬ್ರೌನಿಂಗ್ ಪಿಸ್ತೂಲಿನಲ್ಲಿ ಮ್ಯಾಗಜಿನ್ ಇಲ್ಲದಿದ್ದರೆ ಟ್ರಿಗರಿನ ಕೊಂಡಿ ತಪ್ಪುವಂತೆ ಮಾಡಿದ್ದರು. ಎಲ್ಲ ಪಿಸ್ತೂಲುಗಳಲ್ಲಿ ಈ ಏರ್ಪಾಡು ಇಲ್ಲ. ಇನ್ನು ಮಗುವಿನ ಕೈಗೆ ಸಿಕ್ಕ ಪಿಸ್ತೂಲಿನ ಕೀಲಿ ಒಂದು ಆಟಿಕೆ. ಅತ್ತ ಇತ್ತ ಸರಿಸಿ ನೋಡುವುದೇ ಮಗುವಿನ ಸ್ವಭಾವ. ಅಲ್ಲಿ ಬೇಕಾದದ್ದು ಬೀಗ ಹಾಕಿದ ಕಪಾಟು, ಅದರ ಕೀಲಿಕೈ ಬೇರೆ ಕಡೆ.

ನಾಡ ಪಿಸ್ತೂಲಿನ ಸಂಗತಿಯನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಪೊಲೀಸರು ವಶಪಡಿಸಿಕೊಂಡ ಇಂಥ ಪಿಸ್ತೂಲುಗಳ ಚಿತ್ರ ಪತ್ರಿಕೆಯಲ್ಲಿ ಬಂದಾಗ ನೋಡಿ. ಬಹಳಷ್ಟು ಮಧ್ಯಪ್ರದೇಶದ ಕಡೆಯಿಂದ ಬಂದವು, ಕೆಲವುಗಳ ಮೇಲೆ 'ಮೇಡ್ ಇನ್ ಯುಎಸ್ಎ' ಎಂದು ಕೊರೆದಿರುತ್ತದೆ. ಪಕ್ಕದಲ್ಲಿ ಸೇಫ್ಟಿ ಸನ್ನೆಯೂ ಕಾಣುತ್ತದೆ. ಯುವಕರು ಮೋಸ ಹೋಗುವುದು ಇಲ್ಲಿಯೇ. ಸಿಯರ್ ಕೊಕ್ಕೆ ಹ್ಯಾಮರನ್ನು ಹಿಡಿಯುವುದು ಮಿಲಿಮೀಟರಿನ ಒಂದು ಅಂಶದಷ್ಟು ಅಂಚಿನಲ್ಲಿ. ಆ ಅಂಚು ಸವೆಯದಿರಬೇಕಾದರೆ ಉಕ್ಕನ್ನು ಸರಿಯಾದ ತಾಪಕ್ಕೆ ಕಾಯಿಸಿ, ತಣಿಸಿ, ಹದಗೊಳಿಸಿ, ಗಡಸುತನ ಅಳೆದು ನೋಡಿರಬೇಕು. ಅರದಿಂದ ಉಜ್ಜಿದ ಮೆತು ಉಕ್ಕಿನಲ್ಲಿ ಪ್ರತಿ ಬಾರಿ ಕುದುರೆ ಏರಿಸಿದಾಗಲೂ ಅಂಚು ಸ್ವಲ್ಪ ದುಂಡಾಗುತ್ತದೆ. ಒಂದು ದಿನ ಸಣ್ಣ ಕುಲುಕಿಗೇ ಜಾರುತ್ತದೆ. ಟ್ರಿಗರನ್ನು ಮಾತ್ರ ತಡೆಯುವ ಸನ್ನೆ ಜಾರಿದ ಕೊಕ್ಕೆಯನ್ನು ಹಿಡಿಯಲಾರದು. ಪಿನ್ನಿಗೆ ಅಡ್ಡಗಟ್ಟೆಯಂತೂ ಇರುವುದಿಲ್ಲ. ಅಂಥ ಪಿಸ್ತೂಲಿನ ಸೇಫ್ಟಿ ಕೀಲಿ ಗೋಡೆಯ ಮೇಲೆ ಬರೆದ ಬಾಗಿಲಿನಂತೆ. ಇದನ್ನು ಇಟ್ಟುಕೊಳ್ಳುವುದೇ 1959ರ ಆಯುಧ ಕಾಯಿದೆಯ ಪ್ರಕಾರ ಅಪರಾಧ ಎಂಬುದನ್ನು ಶಿಕ್ಷಕರು ಹೇಗೂ ಹೇಳುತ್ತಾರೆ. ಅದು ಒಯ್ಯುವವನ ತೊಡೆಗೇ ಗುರಿಯಿಟ್ಟ ಯಂತ್ರ ಎಂಬುದನ್ನೂ ಹೇಳಬೇಕು; ಕೆಲವು ಹುಡುಗರಿಗೆ ಮೊದಲನೆಯದಕ್ಕಿಂತ ಎರಡನೆಯದು ಬೇಗ ಅರ್ಥವಾಗುತ್ತದೆ.

ಹಾಗಾದರೆ ಆ ವಿದ್ಯಾರ್ಥಿಗೆ ಏನು ಉತ್ತರ? ನನ್ನ ಮತ ಇಷ್ಟು. ಕುದುರೆ ಏರಿಸಿ ಒಯ್ಯುವ ಪಿಸ್ತೂಲಿಗೆ ಕೀಲಿ ಬೇಕೇ ಬೇಕು. ಹಗುರ ಟ್ರಿಗರಿನ, ಕೀಲಿ ಇಲ್ಲದ ಪಿಸ್ತೂಲು ಗಟ್ಟಿ ಒರೆ ಮತ್ತು ನಿರಂತರ ಅಭ್ಯಾಸ ಇಲ್ಲದವರಿಗೆ ಸಲ್ಲದು. ನಮ್ಮ ಪರವಾನಗಿದಾರರಲ್ಲಿ ಹೆಚ್ಚಿನವರು ಅಂಥವರೇ. ಒಳತಡೆ ಸರಿಯಿರುವ ರಿವಾಲ್ವರಿಗೆ ಕೀಲಿಯ ಅಗತ್ಯವಿಲ್ಲ. ಆದರೆ ಕೊಳ್ಳುವವರು ಮೊದಲು ಕೇಳಬೇಕಾದದ್ದು ಕೀಲಿಯ ಬಗ್ಗೆ ಅಲ್ಲ, ಬಿದ್ದರೆ ಪಿನ್ನನ್ನು ತಡೆಯುವುದು ಯಾವುದು ಎಂದು. 2016ರ ಆಯುಧ ನಿಯಮಗಳು ಪರವಾನಗಿಗೆ ಮುನ್ನ ಸುರಕ್ಷತಾ ತರಬೇತಿಯನ್ನು ವಿಧಿಸಿವೆ. 2019ರ ತಿದ್ದುಪಡಿ ಸಂಭ್ರಮಕ್ಕೆ ಗುಂಡು ಹಾರಿಸುವುದನ್ನೂ ಅಜಾಗರೂಕತೆಯಿಂದ ಹಾರಿಸುವುದನ್ನೂ ಎರಡು ವರ್ಷದವರೆಗಿನ ಶಿಕ್ಷೆಗೆ ಗುರಿಮಾಡಿದೆ. ಆ ತರಬೇತಿಯಲ್ಲಿ ಮೇಲಿನ ಪ್ರಶ್ನೆಗೆ ಅರ್ಧ ಗಂಟೆ ಕೊಟ್ಟರೆ ಒಳ್ಳೆಯದು.

ತರಗತಿಯಲ್ಲಿ ಇದನ್ನು ತೋರಿಸಲು ಪಿಸ್ತೂಲು ಬೇಕಿಲ್ಲ. ಗುಂಡಿ ಒತ್ತುವ ಬಾಲ್ ಪೆನ್ನು ಸಾಕು. ರೀಫಿಲ್ ಲೋಹದ್ದಾಗಿ ಭಾರವಾಗಿದ್ದರೆ ಇನ್ನೂ ಒಳ್ಳೆಯದು. ಮೊನೆಯನ್ನು ಒಳಗೆ ಎಳೆದಿಡಿ. ನೆಲದ ಮೇಲೆ ಬಿಳಿ ಹಾಳೆ, ಅದರ ಮೇಲೆ ಕಾರ್ಬನ್ ಹಾಳೆ ಹಾಸಿ, ಒಂದು ಪಿವಿಸಿ ಕೊಳವೆಯನ್ನು ನೆಟ್ಟಗೆ ಹಿಡಿದು ಪೆನ್ನನ್ನು ತುದಿ ಕೆಳಮುಖವಾಗಿ ಅದರೊಳಗೆ ಬಿಡಿ. ಮೊದಲು 20 ಸೆಂಟಿಮೀಟರ್ ಎತ್ತರದಿಂದ; ಹಾಳೆಯ ಮೇಲೆ ಪೆನ್ನಿನ ಬಾಯಿಯ ಉಂಗುರ ಮಾತ್ರ ಮೂಡುತ್ತದೆ. ಎತ್ತರವನ್ನು 10 ಸೆಂಟಿಮೀಟರಿನಂತೆ ಹೆಚ್ಚಿಸುತ್ತ ಹೋಗಿ. ಒಂದು ಎತ್ತರದಲ್ಲಿ ಉಂಗುರದ ನಡುವೆ ಚುಕ್ಕೆ ಕಾಣಿಸುತ್ತದೆ; ರೀಫಿಲ್ ಸ್ಪ್ರಿಂಗನ್ನು ಗೆದ್ದು ಹೊರಬಂದಿದೆ. ಆ ಎತ್ತರ, ರೀಫಿಲ್ಲಿನ ತೂಕ ಎರಡನ್ನೂ ಬರೆದುಕೊಂಡು mgh ಕಂಡುಹಿಡಿಯಿರಿ. ಸ್ಪ್ರಿಂಗನ್ನು ಸ್ವಲ್ಪ ಎಳೆದು ಬಿಗಿಮಾಡಿ ಮತ್ತೆ ಬಿಡಿ. ಹಗುರ ರೀಫಿಲ್ ಹಾಕಿ ಮತ್ತೆ ಬಿಡಿ. ಕೊನೆಯಲ್ಲಿ ಪೆನ್ನಿನ ಮೇಲಿನ ಗುಂಡಿಗೆ ಅಂಟುಪಟ್ಟಿ ಸುತ್ತಿ, ಯಾರೂ ಒತ್ತದಂತೆ ಮಾಡಿ, ಮೊದಲು ಚುಕ್ಕೆ ಮೂಡಿದ ಎತ್ತರದಿಂದಲೇ ಬಿಡಿ. ಚುಕ್ಕೆ ಮೂಡುತ್ತದೆಯೋ ಇಲ್ಲವೋ ಎಂದು ವಿದ್ಯಾರ್ಥಿಗಳು ಮೊದಲೇ ಊಹಿಸಿ ಬರೆದಿಡಲಿ.